ಸಾಂಬ್ರಾಣಿಗೆ ವಾಸನೆ ಇಲ್ಲದ ಶುಕ್ರವಾರ

ಅಂಚೆಯವನು ಬಂದಾಗ ನಾನು ರಾಟೆಯ ಮುಂದೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಒಳಗೆ ನಮ್ಮವರ ಮಗ್ಗ ನಡೆಯುತ್ತಿತ್ತು. ಇಂಗ್ಲೆಂಡಿನಲ್ಲಿ ನೇಯ್ಗೆಯ ಓದು ಓದುತ್ತಿದ್ದ ನನ್ನ ತಮ್ಮನ ಕಾಗದ. ತಮಿಳು ಸೀಮೆಯಲ್ಲಿ ಓದಿ ಬೆಳೆದವರು ನಾವು; ನಮ್ಮ ಮನೆಮಾತಿನ ಕನ್ನಡವನ್ನೇ ಅವನು ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದ. ಕನ್ನಡ ಅಕ್ಷರ ನಾನು ಕಲಿತದ್ದು ಎಷ್ಟೋ ವರ್ಷದ ಮೇಲೆ.

ದೇವರನ್ನು ನಂಬುವವಳು ನಾನು. ಆದರೆ ಎಲ್ಲೋ ನಡೆದದ್ದು ಇನ್ನೆಲ್ಲೋ ಇದ್ದವರಿಗೆ ತಿಳಿಯಿತಂತೆ ಎನ್ನುವ ಕಥೆ ಕೇಳಿದರೆ ನಗುತ್ತಿದ್ದೆ. ಕೆಲಸವಿಲ್ಲದವರ ಮಾತು ಎಂದುಕೊಳ್ಳುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಕಾಗದಕ್ಕೆ ಮೊದಲು, ಅದು ಬರುವುದಕ್ಕೆ ಹನ್ನೆರಡು ದಿನ ಹಿಂದಿನ ಶುಕ್ರವಾರದ ಮಾತು ಹೇಳಬೇಕು. ಎಂಬತ್ತರ ದಶಕದ ನಡುವಿನ ವರ್ಷ. ಮನೆ ಮೆಟ್ಟುಪಾಳ್ಯಂ ಹತ್ತಿರ. ನಮ್ಮ ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡು, ದೇವರ ಗೂಡಿನ ಪಕ್ಕದ ಮಂಚದಲ್ಲಿ ಮಲಗಿದ್ದರು. ಕಣ್ಣೂ ಮಂಜು. ಸಾಂಬ್ರಾಣಿಯ ವಾಸನೆ ಬಂದರೆ ಸಂಜೆಯಾಯಿತು ಎಂದು ಅವರಿಗೆ ಗೊತ್ತಾಗುತ್ತಿತ್ತು.

ಆ ಸಂಜೆ ನೆಲ ತೊಳೆದು, ಸ್ನಾನ ಮಾಡಿ, ಚೌಡಮ್ಮ ತಾಯಿಯ ಮುಂದೆ ದೀಪ ಹಚ್ಚಿದೆ. ಬತ್ತಿ ಹತ್ತಿಕೊಳ್ಳುವುದಕ್ಕೂ ಒಂದು ಕೆಟ್ಟ ನಾತ ಮೂಗಿಗೆ ಹೊಡೆಯುವುದಕ್ಕೂ ಸರಿಹೋಯಿತು. ಒಡೆದು ಹುಳಿತ ಹಾಲು, ಅದರಡಿಯಲ್ಲಿ ಸತ್ತ ಪ್ರಾಣಿಯ ಕೊಬ್ಬು, ಅದರ ಮೇಲೆ ಒದ್ದೆ ಕೂದಲಿನ ಮುಗ್ಗು. ನಾಲಿಗೆಯ ಮೇಲೆ ಅಂಟಿಕೊಂಡಂತೆ ಇತ್ತು.

ಹಾಸಿನ ನೂಲಿಗೆ ಹಚ್ಚುವ ಗಂಜಿ ಹಳಸಿರಬೇಕು ಎಂದು ಓಡಿದೆ. ನೇಯುವವರ ಮನೆಯಲ್ಲಿ ಮೊದಲ ಅನುಮಾನ ಗಂಜಿ ಮಡಕೆಯ ಮೇಲೆಯೇ. ಮಡಕೆ ಬೆಳಿಗ್ಗೆಯೇ ತೊಳೆದು ಬೋರಲು ಹಾಕಿತ್ತು. ಮಗ್ಗದ ಗುಂಡಿಯಲ್ಲಿ ಇಲಿ ಸತ್ತಿದೆಯೋ ಎಂದು ದೀಪ ಹಿಡಿದು ನೋಡಿದೆ. ಏನೂ ಇಲ್ಲ. ನಮ್ಮವರು ಮಗ್ಗದಿಂದ ತಲೆ ಎತ್ತಿ, "ನಾತವಾ? ನಂಗೇನೂ ಇಲ್ಲವಲ್ಲ" ಎಂದರು.

ಕೆಂಡಕ್ಕೆ ಒಂದು ಹಿಡಿ ಸಾಂಬ್ರಾಣಿ ಸುರಿದೆ. ಕಣ್ಣು ಉರಿಯುವಷ್ಟು ಹೊಗೆ ಎದ್ದಿತು. ವಾಸನೆ ಮಾತ್ರ ಇಲ್ಲ, ಒಂದಿಷ್ಟೂ ಇಲ್ಲ. ಅದೇ ಹೊತ್ತಿಗೆ, ನನ್ನನ್ನು ಮುದ್ದಿನಿಂದ 'ಕಣ್ಣು' ಎಂದೇ ಕರೆಯುವ ಅತ್ತೆ ಕೇಳಿದರು: "ಏನ್ ಕಣ್ಣು, ಇನ್ನೂ ದೀಪ ಹಚ್ಚಲಿಲ್ವಾ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹೊಗೇಲಿ ಮುಳುಗಿದ್ದೀರಿ, ದೀಪ ಕೇಳ್ತೀರಾ? ಈ ನಾತ ಎಲ್ಲಿಂದ ಅಂತ ನಂಗೆ ಗೊತ್ತಾಗಲ್ವಾ?" ಎಂದು, ಅವರ ಮಗ ಮಗ್ಗದಿಂದ ನೋಡುತ್ತಿದ್ದಂತೆಯೇ ಅವರ ಮೈಮೇಲಿನ ದುಪ್ಪಟಿ ಎಳೆದೆ. ಹಾಸಿಗೆ ನೆನೆದಿರಲಿಲ್ಲ, ಒಣಗಿಯೇ ಇತ್ತು. ಅವರು ಸೀರೆಯನ್ನು ಮೊಣಕಾಲಿನ ಕೆಳಗೆ ಎಳೆದುಕೊಂಡು, "ನಾನಲ್ಲ ಕಣ್ಣು" ಎಂದರು. ಅಷ್ಟೇ.

ಅರ್ಧ ಗಂಟೆಯಲ್ಲಿ ನಾತ ಹೋಯಿತು, ಬಂದ ಹಾಗೆಯೇ.

ಮಾರನೆಯ ದಿನದಿಂದ ಅತ್ತೆ ಮಧ್ಯಾಹ್ನದ ಮೇಲೆ ನೀರು ಬಿಟ್ಟರು. ಸಂಜೆಯ ಕಾಫಿಯನ್ನೂ ಬಿಟ್ಟರು. ಕೇಳಿದರೆ "ದಾಹ ಇಲ್ಲ" ಎನ್ನುವರು. ಕುಡಿದರೆ ತಾನೇ ಹಾಸಿಗೆ ನೆನೆಯುವುದು. ನನಗೆ ಅರ್ಥವಾಗಿತ್ತು. ತಪ್ಪಾಯಿತು ಎನ್ನುವ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಹತ್ತನೆಯ ದಿನ ಜ್ವರ ಬಂತು, ತುಟಿ ಒಡೆಯಿತು. ನೀರು ಕುಡಿಯದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋದರು. ಬಾಯಿಗೆ ಲೋಟ ಹಿಡಿದರೂ ಮುಖ ತಿರುಗಿಸುತ್ತಿದ್ದರು.

ಆಗ ಬಂತು ತಮ್ಮನ ಕಾಗದ.

ಬಣ್ಣದ ಪಾಠಕ್ಕೆಂದು ಮೇಷ್ಟರು ಅವನ ತರಗತಿಯವರನ್ನು ಈಗಿನ ಕಾಲದ ಕಲೆಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದರಂತೆ. ಒಂದು ಕೋಣೆಯಲ್ಲಿ ಯಾರೋ ಒಬ್ಬರು ಹಾಲು, ಕೊಬ್ಬು, ಮನುಷ್ಯರ ಕೂದಲು ಒಟ್ಟುಹಾಕಿ ಕೊಳೆಯಲು ಬಿಟ್ಟಿದ್ದರಂತೆ. ಅದೇ ಕಲೆಯಂತೆ. ಜನ ಸುತ್ತ ನಿಂತು ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಿದ್ದರಂತೆ. ಹೇಸಿಗೆಯಿಂದ ನನ್ನ ಮೈ ಮುಳ್ಳೆದ್ದಿತು. ಹಸುವಿನ ಕೆಚ್ಚಲಿನಿಂದ ಬಂದ ಹಾಲಿಗೆ ಈ ಗತಿ ತರುವ ಕೈ ಎಂಥದ್ದಿರಬೇಕು!

ಮುಂದೆ ಅವನು ಬರೆದಿದ್ದ: "ಅಕ್ಕಾ, ವಾಂತಿ ಬರೋ ಹಂಗಾಯ್ತು. ಹೊರಡೋವಾಗ ನೀನು ದೇವರ ಮುಂದಿಟ್ಟು ಕೊಟ್ಟ ಟವಲಿಗೆ ಮೂಗಿಟ್ಟೆ. ಎಷ್ಟು ಸಲ ಒಗೆದ ಟವಲು ಅದು! ಆದ್ರೂ ಆಗ ತಾನೇ ದೇವರ ಮುಂದಿಂದ ತೆಗೆದಂಗೆ ಸಾಂಬ್ರಾಣಿ ವಾಸನೆ. ಆ ಕೋಣೇಲಿ ಇದ್ದಷ್ಟು ಹೊತ್ತೂ ನಾತಾನೇ ತಿಳೀಲಿಲ್ಲ." ಅವನು ಬರೆದಿದ್ದ ದಿನ ಅದೇ ಶುಕ್ರವಾರ. ಅಲ್ಲಿಯ ಮಧ್ಯಾಹ್ನ ಹನ್ನೆರಡೂವರೆ, ನಮಗೆ ಸಂಜೆ ಆರು. ನೀನು ದೀಪ ಹಚ್ಚುವಾಗ ಅಲ್ಲಿ ಮಧ್ಯಾಹ್ನ ಎಂದು ಇಂಗ್ಲೆಂಡಿಗೆ ಹೊರಡುವ ಮುಂಚೆ ಅವನೇ ಹೇಳಿದ್ದ.

ಕಾಗದ ಹಿಡಿದು ಅತ್ತೆಯ ಮಂಚದ ಬಳಿ ಕೂತು ಮೊದಲಿಂದ ಓದಿದೆ. ಅವರು ಮುಖವನ್ನು ನನ್ನ ಕಡೆ ತಿರುಗಿಸಿದರು.

"ಹಂಗಾದ್ರೆ ನಾನಲ್ಲ," ಎಂದರು.

"ನೀವಲ್ಲ ಅತ್ತೆ. ನನ್ನ ಬಾಯಿಗೆ ಹುಳ ಬೀಳಲಿ."

"ಬಿಡು, ಆಮೇಲೆ ಅದನ್ನೂ ತಗೊಂಡೋಗಿ ಆ ಮ್ಯೂಸಿಯಮ್ಮಲ್ಲಿ ಇಡ್ತಾರೆ." ಒಡೆದ ತುಟಿಯಲ್ಲೇ ನಕ್ಕರು. "ಹಾಲು ಕೊಳೆಯೋದನ್ನ ನೋಡೋಕೆ ಅಷ್ಟು ದೂರ ಹೋದ್ನಾ ನಿನ್ನ ತಮ್ಮ? ಪಾಪ. ಕಾಪಿ ಹಾಕು ಕಣ್ಣು. ಲೋಟ ತುಂಬ ಹಾಕು."

ಅತ್ತೆ ಆಮೇಲೆ ನಾಲ್ಕು ವರ್ಷ ಬದುಕಿದರು. ಚೌಡಮ್ಮ ತಾಯಿ ನನಗೆ ಕೊಟ್ಟ ದೊಡ್ಡ ಭಿಕ್ಷೆ ಅದು. ಇಲ್ಲಿಯ ಸಾಂಬ್ರಾಣಿ ಅಲ್ಲಿಗೆ ಹೇಗೆ ಹೋಯಿತು, ಅಲ್ಲಿಯ ಹೊಲಸು ನನ್ನ ದೇವರ ಮುಂದಕ್ಕೆ ಹೇಗೆ ಬಂತು ಎಂದು ಈಗಲೂ ಸಿಕ್ಕವರನ್ನೆಲ್ಲ ಕೇಳುತ್ತೇನೆ. ತಮ್ಮನಿಗೆ ಒಳ್ಳೆಯದಾಯಿತಲ್ಲ ಎಂದುಕೊಳ್ಳುತ್ತೇನೆ. ಆದರೆ ಅದಕ್ಕೆ ತಾಯಿ ನನ್ನ ಕೈಯಿಂದ ಆ ಮುದುಕಿಯ ದುಪ್ಪಟಿಯನ್ನೇ ಯಾಕೆ ಎಳೆಸಬೇಕಿತ್ತು?

ಅವತ್ತು ನಾನು ಎದ್ದು ಒಲೆ ಹೊತ್ತಿಸಿದೆ. ಹಾಲಿನ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದೆ. ಹಾಲಿನ ವಾಸನೆಯೇ ಇತ್ತು. ಕಾಯಲು ಇಟ್ಟೆ.