ಮುಚ್ಚಳದ ಮೇಲಿನ ಹೆಸರು

ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು — ಝೈನಾಬಿ. ರುಬೀನಾ, ನಿನ್ನ ಉಮ್ಮನ ಆ ಹೆಸರನ್ನು ಮುಚ್ಚಿಟ್ಟವಳು ನಾನು. ಮುಚ್ಚಳವನ್ನು ಬೋರಲು ಹಾಕಿ ಮೇಲೆ ಹಾಜರಿ ಪುಸ್ತಕ ಇಟ್ಟೆ. ನೀನು ನೋಡುತ್ತಿದ್ದೆ.

ಎಂಟು ವರ್ಷವಾಯಿತು. ಆಗ ನಿನಗೆ ಒಂಬತ್ತು, ನನಗೆ ಇಪ್ಪತ್ತಮೂರು. ಕೊಲ್ಲಿ ದೇಶದ ಶುಕ್ರವಾರದ ರಜೆಯಲ್ಲಿ, ಅಲ್ ಸದ್ದ್ ಬಡಾವಣೆಯ ಶಾಲಿನಿ ಅಕ್ಕನ ಫ್ಲಾಟಿನ ಹಾಲಿನಲ್ಲಿ ಹತ್ತು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಸಮಾಜಶಾಸ್ತ್ರ ಓದಿ ಬಂದವಳು — ಅಕ್ಷರವಷ್ಟೇ ಸಾಲದು, ಒಬ್ಬರ ಮನೆಯದನ್ನು ಇನ್ನೊಬ್ಬರು ತಿನ್ನಬೇಕು ಎಂದು ತಿಂಡಿಯ ಸರದಿ ಶುರು ಮಾಡಿದವಳೂ ನಾನೇ. ಆ ವಾರದ ಸರದಿ ನಿನ್ನದು. ನಜ್ಮಾ ಬಡಾವಣೆಯ ನಿಮ್ಮ ಮನೆಯಿಂದ ನೀನು ಉಮ್ಮ ಕರಿದ ಬಾಳೆಹಣ್ಣಿನ ಬನ್ಸ್ ತಂದು ನನ್ನ ಚೀಲದ ಪಕ್ಕ ಇಟ್ಟಿದ್ದೆ.

ಪಾಠ ಮುಗಿಯಿತು. ಜಾತಿ, ಮತ ನೋಡದೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವವರ ಪಾಠ; ನಿಮ್ಮಿಂದ ಗಟ್ಟಿಯಾಗಿ ಓದಿಸಿದ್ದೆ. ಶಾಲಿನಿ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದರು.

“ಇವತ್ತು ರುಬೀನಾ ಮನೆ ತಿಂಡಿ ಅಲ್ವಾ? ನಂಗೇನಿಲ್ಲ ಟೀಚರ್. ಆದ್ರೆ ಅವ್ರ ಬಾಣಲೆಯಲ್ಲಿ ಏನೇನು ಕರಿದಿರ್ತಾರೋ... ನಾಳೆ ಬೇರೆ ತಾಯಂದಿರು ಕೇಳೋದು ನನ್ನನ್ನೇ.”

“ಇಲ್ಲ ಅಕ್ಕ, ಅವಳು ತಂದಿಲ್ಲ. ನಾನೇ ಬನ್ಸ್ ಮಾಡಿ ತಂದಿದ್ದೀನಿ.”

ಹಾಲ್ ಹೋದರೆ ತರಗತಿಯೇ ಹೋಗುತ್ತದೆ ಎಂದುಕೊಂಡೆ — ಇಲ್ಲ, ಅದೂ ಪೂರ್ತಿ ನಿಜವಲ್ಲ. ಎದುರು ನಿಂತು ಮಾತಾಡಲು ಹೆದರಿದೆ. ಯಾರಿಗೂ ನೋವಾಗದಂತೆ ಪಾರಾದೆ ಎಂಬ ಜಾಣತನದ ಸಮಾಧಾನ ಬೇರೆ! ಯಾರಿಗೂ ಅಂದರೆ — ನಿನ್ನನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮಕ್ಕಳು ಮುಗಿಬಿದ್ದರು. ಶಾಲಿನಿ ಅಕ್ಕ ಎರಡು ತಿಂದರು. “ಎಷ್ಟು ಮೆತ್ತಗಿದೆ! ನಿಮ್ಮ ಕೈ ಕೊಡಿ ಟೀಚರ್, ಕಣ್ಣಿಗೊತ್ಕೋತೀನಿ” ಎಂದು ನಕ್ಕರು. ನಂತರ ನಿನ್ನ ಕಡೆ ತಿರುಗಿ, “ನೀನ್ಯಾಕೆ ಸುಮ್ನೆ ಕೂತಿದ್ದಿ? ತಗೋ, ಟೀಚರ್ ಮಾಡಿದ್ದು” ಎಂದರು.

ನೀನು ತೆಗೆದುಕೊಂಡೆ. ತಿಂದೆ. ಅದು ಇಂದಿಗೂ ನನ್ನ ಕಣ್ಣ ಮುಂದೆ —

ಹೊರಡುವಾಗ ಬಾಗಿಲಲ್ಲಿ ನೀನು ಮೆಲ್ಲಗೆ ಕೇಳಿದೆ: “ಉಮ್ಮ ಕೇಳಿದ್ರೆ ಎಂಥ ಹೇಳುದು ಟೀಚರ್?”

“ಎಲ್ಲರೂ ತಿಂದ್ರು ಅಂತ ಹೇಳು” ಎಂದೆ. ಡಬ್ಬಿಯನ್ನು ನಿನ್ನ ಕೈಗೆ ಕೊಡಲಿಲ್ಲ. ಕೊಟ್ಟರೆ ಶಾಲಿನಿ ಅಕ್ಕನಿಗೆ ಗೊತ್ತಾಗುತ್ತಿತ್ತು.

ಶುಕ್ರ, ಶನಿವಾರದ ರಜೆ ಮುಗಿದು ಭಾನುವಾರ ಬೆಳಗ್ಗೆ ಶಾಲೆಯ ಹೊತ್ತಿಗೆ ಮೊದಲೇ ನಜ್ಮಾದ ನಿಮ್ಮ ಮನೆಗೆ ಬಂದೆ. ನಿಜ ಹೇಳಿಬಿಡಬೇಕೆಂದೇ ಬಂದಿದ್ದೆ. ಖಾಲಿ ಡಬ್ಬಿ ಹಿಂತಿರುಗಿಸಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿದ್ದೆ — ಆ ಮರ್ಯಾದೆಯೊಂದು ನೆನಪಿತ್ತು! ನಿನ್ನ ಉಮ್ಮ ಬಾಗಿಲು ತೆರೆದರು. ಅವರ ಹಿಂದೆ ಯೂನಿಫಾರ್ಮಿನಲ್ಲಿ ನೀನು.

“ಡಬ್ಬಿ ಕೊಡ್ಲಿಕ್ಕೆ ಇಷ್ಟು ದೂರ ಬಂದದ್ದಾ ಟೀಚರ್? ಮಕ್ಕಳಿಗೆ ಸಾಕಾಯ್ತಾ? ಮುಂದಿನ ಸಲ ಜಾಸ್ತಿ ಮಾಡ್ತೇನೆ.”

“ಒಂದೂ ಉಳೀಲಿಲ್ಲ” ಎಂದೆ. ನೀನು ನೆಲ ನೋಡಿದೆ.

ಮನೆಗೆ ಹಿಂತಿರುಗಿ ತಿಂಡಿಯ ಸರದಿಯ ಹಾಳೆಯನ್ನು ಹರಿದು ಹಾಕಿದೆ. ಕೆಳಗಿನ ಅಂಗಡಿಗೆ ಇಳಿದು, ಮುಂದಿನ ಶುಕ್ರವಾರಕ್ಕೆಂದು ಬಿಸ್ಕತ್ತಿನ ಪೊಟ್ಟಣಗಳನ್ನು ಕೊಂಡು ತಂದೆ.