ಎಂಟು ನಿಮಿಷದ ಮೀನು

ಸೋಮವಾರ ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತೆರಡು ನಿಮಿಷ. ಪುಟ್ಟಮಾದಮ್ಮ ಸಾಲ್ಮನ್ ಮೀನಿನ ತುಂಡುಗಳನ್ನು ಒಂದೊಂದಾಗಿ ಬಿಳಿ ಬಟ್ಟೆಯ ನಡುವೆ ಒತ್ತಿ ನೀರು ತೆಗೆಯುತ್ತಿದ್ದರು. ಒಟ್ಟು ಹದಿನೆಂಟು ತುಂಡು. ಒಂದೊಂದೂ ಒಂದು ತುತ್ತಿಗೆ ಸರಿಯಾಗುವಷ್ಟು. ಅವರ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಉದ್ದ, ಅಷ್ಟೇ ದಪ್ಪ. ಉಪ್ಪು, ಕಾಳುಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ, ನಿಂಬೆರಸ ಪಕ್ಕದ ಬಟ್ಟಲಲ್ಲಿ ಸಿದ್ಧವಾಗಿದ್ದವು.

ಅಡುಗೆಮನೆ ಒಂದು ಹೋಂಸ್ಟೇಯದು. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ, ಚೆಂಡುಹೂವಿನ ಹೊಲಗಳ ನಡುವೆ ಇರುವ ಐದು ಕೋಣೆಗಳ ಮನೆ. ಮಾಲೀಕ ಸುಧಾಕರ್, ಮೂವತ್ತೆಂಟು ವರ್ಷ. ಎಣ್ಣೆಯಿಲ್ಲದೆ ಬಿಸಿಗಾಳಿಯಲ್ಲಿ ಬೇಯಿಸುವ ಏರ್ ಫ್ರೈಯರನ್ನು ಅವನು ತಂದು ಹದಿನಾರು ದಿನವಾಗಿತ್ತು. ಹೊರಗಿನ ಕಪ್ಪು ಹಲಗೆಯ ಮೇಲೆ ‘ಸಾಲ್ಮನ್ ಬೈಟ್ಸ್’ ಎಂದು ಸೀಮೆಸುಣ್ಣದಲ್ಲಿ ತಾನೇ ಬರೆದಿದ್ದ. ಆದರೆ ಹಿಂದಿನ ವಾರ ಅದನ್ನು ತಿಂದ ಅತಿಥಿಯೊಬ್ಬರು ಇಂಟರ್‌ನೆಟ್ಟಿನಲ್ಲಿ ಒಂದು ನಕ್ಷತ್ರ ಮಾತ್ರ ಕೊಟ್ಟು ಎರಡು ಸಾಲು ಬರೆದರು. ಕೆರೆಮೀನು ಬೇಯಿಸಿದ ರೂಢಿಯಲ್ಲಿ ಪುಟ್ಟಮಾದಮ್ಮ ಅಂದು ಎಂಟು ನಿಮಿಷದ ಮೇಲೆ ಇನ್ನೊಂದಷ್ಟು ಬಿಟ್ಟಿದ್ದರು.

“ಬರ್ದವ್ರೆ ನೋಡು ಪುಟ್ಟಮಾದಕ್ಕ, ಮೀನು ಚಪ್ಪಲಿ ಅಟ್ಟೆ ತರ ಇತ್ತು ಅಂತ,” ಎಂದು ಸುಧಾಕರ್ ಆ ಸೋಮವಾರ ಬೆಳಿಗ್ಗೆ ಫೋನನ್ನು ಅವರ ಮುಖದ ಮುಂದೆ ಹಿಡಿದಿದ್ದ. “ಓದ್ದೋರೆಲ್ಲ ನನ್ ಕಾಲು ನೋಡ್ತಾವ್ರೆ, ಒಂದ್ ಚಪ್ಪಲಿ ಕಮ್ಮಿ ಇದ್ದದಾ ಅಂತ.”

ಪುಟ್ಟಮಾದಮ್ಮನಿಗೆ ನಗು ಬಂದಿತ್ತು; ಆದರೆ ಅವನ ಮುಂದಿನ ಮಾತಿಗೆ ನಗು ನಿಂತಿತು. ಸುಲ್ತಾನ್ ಬತ್ತೇರಿಯ ಅಡುಗೆಯವನೊಬ್ಬ ಗುರುವಾರದಿಂದ ಬರಲು ಒಪ್ಪಿದ್ದಾನೆ. ಇಂದು ಬರುವವರು ಚಾಮರಾಜನಗರದ ಬ್ಯಾಂಕಿನವರು. ಅವರಿಗೆ ಹಿಡಿಸಿದರೆ ಬ್ಯಾಂಕಿನ ಮಿಕ್ಕವರೂ ಬಂದು ದಸರಾ ರಜೆಗೆ ಐದೂ ಕೋಣೆ ತುಂಬುತ್ತವೆ.

“ಎಂಟು ನಿಮಿಷ. ನೆನ್ನೆ ಸಂಜೆ ನಾನೇ ಮಾಡಿ ನೋಡಿವ್ನಿ, ಬೆಣ್ಣೆ ಆಗಿತ್ತು. ಒಂದು ನಿಮಿಷ ಜಾಸ್ತಿ ಆದ್ರೂ ಬತ್ತೇರಿಯವ್ನು ಬತ್ತಾನೆ. ನೀನು ಮನೇಲಿ ಮುದ್ದೆ ತಿರುವ್ಕೊಂಡಿರು.”

ಆ ಮನೆಯಲ್ಲಿ ಗಂಡ ಪುಟ್ಟಮಾದಯ್ಯ ಇದ್ದರು. ಗುಂಡ್ಲುಪೇಟೆಯ ಮಂಡಿಯಲ್ಲಿ ಇಪ್ಪತ್ತೆರಡು ವರ್ಷ ಈರುಳ್ಳಿ ಚೀಲ ಲಾರಿಗೆ ಏರಿಸಿ ಅವರ ಸೊಂಟ ಹಿಡಿದುಕೊಂಡಿತ್ತು. ಈಗ ವಾರಕ್ಕೆ ಎರಡು ದಿನ ಹೋದರೆ ಹೆಚ್ಚು. ಹೋಂಸ್ಟೇಯ ಕೆಲಸ ಹೋದರೆ ಮನೆಗೆ ಬೇರೆ ದಾರಿಯಿರಲಿಲ್ಲ.

ಬ್ಯಾಂಕಿನವರು ಬೆಳಿಗ್ಗೆ ಹತ್ತಕ್ಕೇ ಬಂದಿದ್ದರು: ಚಂದ್ರಕುಮಾರ್ ಮತ್ತು ಅವರ ಹೆಂಡತಿ ಮಂಗಳಗೌರಿ. ಹನ್ನೊಂದರ ಹೊತ್ತಿಗೆ ಮಂಗಳಗೌರಿ ಬಿಸಿನೀರು ಕೇಳಿಕೊಂಡು ಅಡುಗೆಮನೆಗೆ ಬಂದರು. ಬಾಗಿಲ ಚೌಕಟ್ಟಿಗೆ ಒಂದು ಕೈ, ನಡುವಿಗೆ ಒಂದು ಕೈ.

“ಎಷ್ಟು ತಿಂಗ್ಳವ್ವ?” ಪುಟ್ಟಮಾದಮ್ಮ ಕೇಳಿದರು.

“ಏಳು ಅಕ್ಕ. ಮೀನು ತಿನ್ನಿ, ಒಳ್ಳೇದು, ಆದ್ರೆ ಅರೆಬೆಂದದ್ದು ಮುಟ್ಲೇಬೇಡಿ ಅಂದಿದಾರೆ ಡಾಕ್ಟ್ರು. ಚೆನ್ನಾಗಿ ಬೇಯಿಸಿಬಿಡಿ.” ಅವರೇ ಮುಂದುವರಿಸಿದರು, “ಎರಡು ವರ್ಷದ ಹಿಂದೆ ಒಂದು ಐದು ತಿಂಗಳಿಗೇ ಹೋಯ್ತು.”

ಪುಟ್ಟಮಾದಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. “ನೀ ಓಗಿ ಕಾಲು ಚಾಚ್ಕೊಂಡು ಕೂತ್ಕವ್ವ. ಬೇಯ್ದೆ ಇರೋದು ಈ ಅಡ್ಗೆಮನೆ ವಸ್ಲು ದಾಟಕಿಲ್ಲ.”

ಮಾತು ಸುಲಭವಾಗಿ ಬಂದಿತ್ತು. ಅವರು ಒಂಬತ್ತು ವರ್ಷ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟ ಮಾಡಿದವರು. ಮಕ್ಕಳಿಗೆ ಬಡಿಸುವ ಮೊದಲು ಅಡುಗೆಯವರು ತಿಂದು ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಕೆಲವರು ತಿನ್ನದೆಯೇ ಸಹಿ ಹಾಕುತ್ತಿದ್ದರು. ಪುಟ್ಟಮಾದಮ್ಮ ಜ್ವರ ಬಂದ ದಿನವೂ ಒಂದು ತುತ್ತು ತಿಂದೇ ಹಾಕಿದವರು. ಮಕ್ಕಳ ಸಂಖ್ಯೆ ಇಳಿದು ಅಲ್ಲಿನ ಕೆಲಸ ಹೋದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಬೆಂದಿದೆಯೋ ಇಲ್ಲವೋ ಎನ್ನುವುದನ್ನು ಅವರು ತಮ್ಮ ನಾಲಿಗೆಯಿಂದಲೇ ತೀರ್ಮಾನಿಸುತ್ತಿದ್ದರು.

ಆದರೆ ಅಂದು ಸೋಮವಾರ. ಸೋಮವಾರ ಮನೆದೇವರು ಮಾದಪ್ಪನ ವಾರ. ಸಂತೆಮರಹಳ್ಳಿಯ ಹತ್ತಿರದ ತವರಿನಲ್ಲಿ ಮಾದಪ್ಪನ ಹೆಸರಿಟ್ಟ ದಿನದಿಂದ ಅವರು ಸೋಮವಾರ ಮೀನು, ಮಾಂಸ ಬಾಯಿಗಿಟ್ಟಿರಲಿಲ್ಲ. ಬೇರೆಯವರಿಗೆ ಮಾಡಿ ಬಡಿಸಲು ಅಡ್ಡಿಯಿಲ್ಲ, ತಿನ್ನುವಂತಿಲ್ಲ. ಬೆಳಿಗ್ಗೆ ಮಂಗಳಗೌರಿಗೆ ಮಾತು ಕೊಡುವಾಗ ಅದು ನೆನಪಿಗೆ ಬರಲಿಲ್ಲ. ಮೀನಿನ ಮೇಲೆ ನಿಂಬೆರಸ ಹಿಂಡುವಾಗ ಬಂತು.

ಹನ್ನೆರಡು ಐವತ್ತೈದಕ್ಕೆ ಮಸಾಲೆ ಹಚ್ಚಿದ ತುಂಡುಗಳನ್ನು ಒಂದಕ್ಕೊಂದು ತಗುಲದಂತೆ ಬುಟ್ಟಿಯಲ್ಲಿ ಜೋಡಿಸಿ ಒಳಕ್ಕೆ ತಳ್ಳಿದರು. ಇನ್ನೂರು ಡಿಗ್ರಿ, ಎಂಟು ನಿಮಿಷ. ಕೆಂಪು ದೀಪ ಹತ್ತಿತು. ಒಳಗಿನ ಕಾಯಿಲ್ ಕಾಯುತ್ತಿದೆ ಎನ್ನುವುದಕ್ಕೆ ಆ ದೀಪ ಗುರುತು. ಹೇಳಿದ ಬಿಸಿ ಬಂದಾಗ ಅದು ಆರುತ್ತದೆ, ಬಿಸಿ ಇಳಿದರೆ ಮತ್ತೆ ಹತ್ತುತ್ತದೆ. ಭಾನುವಾರ ಸುಧಾಕರ್ ಮಾಡಿ ನೋಡಿದಾಗ ಅದು ಮೂರು ಸಲ ಆರಿ ಹತ್ತಿತ್ತು. ಪುಟ್ಟಮಾದಮ್ಮ ಪಕ್ಕದಲ್ಲಿ ನಿಂತು ಎಣಿಸಿದ್ದರು.

ಕಿಟಕಿಯಾಚೆ ಚೆಂಡುಹೂವಿನ ಹೊಲದ ತೊಟ್ಟಿಗೆ ನೀರು ಧುಮುಕುವ ಸದ್ದು ಕೇಳುತ್ತಿತ್ತು. ಹಿಂದಿನ ವಾರವೆಲ್ಲ ಪಂಪ್‌ಸೆಟ್ಟುಗಳಿಗೆ ರಾತ್ರಿ ಪಾಳಿಯ ಕರೆಂಟ್. ಆ ಸೋಮವಾರದಿಂದ ಪಾಳಿ ಬದಲಾಗಿ ಹಗಲು ಹನ್ನೆರಡಕ್ಕೆ ಬಂದಿತ್ತು. ಸುತ್ತಲಿನ ಎಲ್ಲ ಕೊಳವೆಬಾವಿಗಳೂ ಒಟ್ಟಿಗೆ ಓಡುತ್ತಿದ್ದವು. ಹೊಲಗಳ ನಡುವಿನ ಈ ಮನೆಗೂ ಅದೇ ಲೈನು.

ಐದು ನಿಮಿಷ ಕಳೆಯಿತು. ದೀಪ ಆರಲಿಲ್ಲ. ಏಳು ನಿಮಿಷ. ಆರಲಿಲ್ಲ. ಒಂದು ಗಂಟೆ ಮೂರು ನಿಮಿಷಕ್ಕೆ ಯಂತ್ರ ‘ಟಿಂಗ್’ ಎಂದಿತು.

ಸುಧಾಕರ್ ತಟ್ಟೆ, ಈರುಳ್ಳಿ ಬಿಲ್ಲೆ, ಪುದೀನ ಎಲ್ಲ ಜೋಡಿಸಿಕೊಂಡು ಕಾದಿದ್ದ. “ತೆಗಿ.”

ಪುಟ್ಟಮಾದಮ್ಮ ಬುಟ್ಟಿ ಎಳೆದರು. ಒಂದು ತುಂಡನ್ನು ಚಮಚದ ತುದಿಯಿಂದ ಒತ್ತಿ ನೋಡಿದರು. ಅದು ಬಿಡಿಸಿಕೊಳ್ಳಲಿಲ್ಲ, ತಗ್ಗಿ ಮತ್ತೆ ಎದ್ದಿತು.

“ಬೆಂದಿಲ್ಲ ಕಣಪ್ಪ.”

“ಯಾರೇಳ್ದೋರು?”

“ದೀಪ ಒಂದ್ ಸಲಾನೂ ಆರ್ನಿಲ್ಲ.”

“ದೀಪ ಬೇಯ್ಸ್ತದಾ ಮೀನ?” ಸುಧಾಕರ್ ತಾನೇ ಒಂದು ತುಂಡನ್ನು ಎತ್ತಿ ಎರಡು ಹೋಳು ಮಾಡಿದ. ಒಳಗೆ ಗಾಢ ಗುಲಾಬಿ ಬಣ್ಣ, ಒದ್ದೆ ಹೊಳಪು. “ನೋಡು, ವಿಡಿಯೋದಲ್ಲೂ ಒಳಗೆ ಇಂಗೇ ಇರೋದು. ಇದು ನಿನ್ ಕೆರೆಮೀನಲ್ಲ, ಬೆಳ್ಳಗಾಗಕ್ಕೆ.”

ಪುಟ್ಟಮಾದಮ್ಮ ಬಲ್ಲ ಕಾಟ್ಲ, ಜಿಲೇಬಿಯಂಥ ಕೆರೆಮೀನುಗಳೆಲ್ಲವೂ ಬೆಂದರೆ ಬೆಳ್ಳಗಾಗುತ್ತವೆ. ಈ ಮೀನು ಹಸಿಯಲ್ಲೂ ಕೆಂಪು, ಬೆಂದರೂ ಗುಲಾಬಿ. ಕಣ್ಣನ್ನು ನಂಬುವಂತಿರಲಿಲ್ಲ.

“ಹಂಗಾರೆ ತಿಂದು ನೋಡು,” ಎಂದ ಸುಧಾಕರ್.

“ಇವತ್ತು ಸ್ವಾಮಾರ.”

“ಸರಿ! ತಿನ್ನಕೂ ಇಲ್ಲ, ಬೆಂದಿಲ್ಲ ಅನ್ನದೂ ಬುಡಕಿಲ್ಲ. ಮಾದಪ್ಪ ಬಂದು ಕಿವೀಲಿ ಏಳ್ಬುಟ್ಟು ಓದ್ನಾ?” ಅವನು ಅರ್ಧ ಹೋಳನ್ನು ತನ್ನ ಬಾಯಿಗೇ ಹಾಕಿಕೊಂಡ. ಮೆಲ್ಲಗೆ ಜಗಿದ. “ಚೆನ್ನಾಗೇ ಅದೆ.”

“ನಿಂಗೆ ಚೆನ್ನಾಗೇ ಅದ. ನಿನ್ ವಟ್ಟೇಲಿ ಏಳು ತಿಂಗ್ಳುದು ಇಲ್ಲ.”

ಪಡಸಾಲೆಯಿಂದ ಚಂದ್ರಕುಮಾರ್ ಕೂಗಿದರು, “ಸುಧಾಕರ್, ಮೀನು ಸಮುದ್ರ ಬಿಟ್ಟಿದ್ದದಾ, ಇನ್ನೂ ಇಲ್ವಾ?”

“ಬಂತು ಸಾರ್, ಎರಡೇ ನಿಮಿಷ!” ಎಂದು ಕೂಗಿ ಹೇಳಿ ಸುಧಾಕರ್ ದನಿ ತಗ್ಗಿಸಿದ. “ಪುಟ್ಟಮಾದಕ್ಕ, ಬೇಡ. ರಬ್ಬರ್ ಆಗೋಯ್ತದೆ. ಇನ್ನೊಂದ್ ಸಲ ಚಪ್ಪಲಿ ಅನ್ನಿಸ್ಕೊಳಕ್ಕೆ ನನ್ ಕೈಲಾಗಲ್ಲ. ಆಮೇಲೆ ಗುರುವಾರ ನೀನೂ ಬರಂಗಿಲ್ಲ, ನಾನೂ ಕರೆಯಂಗಿಲ್ಲ. ಕೇಳ್ತಾ?”

“ಕೇಳ್ತು.”

ಅವರು ಬುಟ್ಟಿಯನ್ನು ಒಳಕ್ಕೆ ತಳ್ಳಿ ಅದರ ಹಿಡಿಯ ಮೇಲೆ ಕೈಯಿಟ್ಟು ನಿಂತರು.

ಸುಧಾಕರನಿಗೆ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು. “ಎಷ್ಟೊತ್ತು? ಇನ್ನೊಂದಷ್ಟು ಅನ್ಬೇಡ. ಓದ್ವಾರ ಒಂದಷ್ಟು ಅಂದೇ ಕೆಟ್ಟಿದ್ದು. ಲೆಕ್ಕ ಕೊಡು.”

ಪುಟ್ಟಮಾದಮ್ಮ ತಲೆಯೆತ್ತಿ ಫ್ಯಾನ್ ನೋಡಿದರು. ಐದರ ಪೂರ್ತಿ ವೇಗಕ್ಕಿಟ್ಟಿದ್ದರೂ ಫ್ಯಾನಿನ ಮೂರು ರೆಕ್ಕೆಗಳೂ ಬೇರೆಬೇರೆಯಾಗಿ ಕಾಣುತ್ತಿದ್ದವು. ಅವರ ತುಟಿ ಒಂದು ಕ್ಷಣ ಅಲುಗಿತು. ಆಮೇಲೆ ಒಂದು ಸಂಖ್ಯೆ ಹೇಳಿದರು.

“ಅದ್ರಲ್ಲಿ ಎಂಟು ಮುಗ್ದದ,” ಎಂದು ಸೇರಿಸಿದರು. “ಇನ್ನ ಆರು.”

ಒಂದು ಗಂಟೆ ಆರು ನಿಮಿಷಕ್ಕೆ ಗುಂಡಿ ತಿರುಗಿಸಿದರು.

ಎರಡನೆಯ ನಿಮಿಷದಲ್ಲಿ ಚಂದ್ರಕುಮಾರ್ ಕುರ್ಚಿ ಹಿಂದಕ್ಕೆ ಸರಿಸಿದ ಸದ್ದು ಕೇಳಿತು. ಅವರು ಎದ್ದು ಬಂದೇಬಿಡುತ್ತಾರೆಂದು ಹೆದರಿ ಸುಧಾಕರ್ ಎರಡು ಲೋಟ ಹಣ್ಣಿನ ರಸವನ್ನಾದರೂ ಮುಂದಿಡೋಣವೆಂದು ಫ್ರಿಜ್ಜಿನ ಕಡೆ ಓಡಿದ. ಫ್ರಿಜ್ಜಿನ ಪಕ್ಕದ ಹಲಗೆಯ ಮೇಲೆ ಅದಕ್ಕಷ್ಟೇ ಕರೆಂಟ್ ಸಮ ಮಾಡಿಕೊಡುವ ಸ್ಟೆಬಿಲೈಸರ್ ಇತ್ತು. ಧೂಳು ಕೂರದಿರಲೆಂದು ಅದರ ಮೇಲೆ ಒಂದು ಟವಲು ಹೊದಿಸಿದ್ದರು. ಅವನ ಮೊಣಕೈ ತಗುಲಿ ಟವಲು ಜಾರಿತು. ಕಿಟಕಿಯ ಬೆಳಕಿನಲ್ಲೂ ಕೆಂಪು ಅಂಕಿಗಳು ಸ್ಪಷ್ಟವಾಗಿದ್ದವು. ಕಂಬದಿಂದ ಮನೆಗೆ ಬರುತ್ತಿದ್ದ ಕರೆಂಟಿನ ಅಳತೆ ಅದು. ಬರಬೇಕಾದದ್ದು 230 ವೋಲ್ಟ್. ಬರುತ್ತಿದ್ದದ್ದು 175.

ಸುಧಾಕರ್ ರಸದ ಲೋಟಗಳನ್ನು ಪಡಸಾಲೆಗೆ ಕೊಟ್ಟು ಹಿಂದಿರುಗಿದ. ಕಟ್ಟೆಗೆ ಒರಗಿ, ಪುಟ್ಟಮಾದಮ್ಮನ ಜೊತೆಗೆ ತಾನೂ ಕೆಂಪು ದೀಪವನ್ನೇ ನೋಡುತ್ತ ನಿಂತ.

ನಾಲ್ಕನೆಯ ನಿಮಿಷದಲ್ಲಿ ದೀಪ ಮಂಕಾಯಿತು. ಫ್ಯಾನ್ ನಿಲ್ಲುವಂತಾಯಿತು. ಪಕ್ಕದಲ್ಲೆಲ್ಲೋ ಇನ್ನೊಂದು ಮೋಟರ್ ಹೊರಟಿತ್ತು.

“ಕರೆಂಟ್ ಓದ್ರೆ?” ಎಂದು ಪಿಸುಗುಟ್ಟಿದ ಸುಧಾಕರ್.

“ಬಾಯಿ ಬುಡ್ಬೇಡ, ಸುಮ್ಕಿರು.”

ಮೋಟರ್ ಹೊರಡುವಾಗ ಒಮ್ಮೆ ಹೆಚ್ಚು ಎಳೆಯುತ್ತದೆ, ಓಟ ಹಿಡಿದ ಮೇಲೆ ಬಿಡುತ್ತದೆ. ಅಂದೂ ಹಾಗೆಯೇ ಆಯಿತು. ಫ್ಯಾನ್ ಮೆಲ್ಲಗೆ ಮೊದಲಿನ ವೇಗಕ್ಕೆ ಬಂತು. ಪುಟ್ಟಮಾದಮ್ಮನ ಕೈ ಹಿಡಿಯ ಮೇಲೇ ಇತ್ತು.

ಆರನೆಯ ನಿಮಿಷ ಮುಗಿದು ಮತ್ತೆ ‘ಟಿಂಗ್’ ಎಂದಿತು. ಬುಟ್ಟಿ ಎಳೆದಾಗ ತುಂಡುಗಳ ಅಂಚಿನಲ್ಲಿ ಸಣ್ಣ ಬಿಳಿ ಹನಿಗಳು ಮೊಸರಿನಂತೆ ಹೆಪ್ಪುಗಟ್ಟಿದ್ದವು. ಚಮಚ ತಾಗಿಸಿದ ತುಂಡು ಪದರಪದರವಾಗಿ, ಎಲೆಕೋಸಿನ ಎಸಳಿನ ಹಾಗೆ, ಬಿಡಿಸಿಕೊಂಡಿತು. ಸುಧಾಕರ್ ತಿಂದುಳಿಸಿದ್ದ ಅರ್ಧ ಹೋಳನ್ನು ಪುಟ್ಟಮಾದಮ್ಮ ಅದರ ಪಕ್ಕಕ್ಕಿಟ್ಟರು. ಹೊಸದು ಮಾಸಲು ಗುಲಾಬಿ; ಹಳೆಯದು ಒಳಗೆ ಗಾಜಿನಂತೆ ಹೊಳೆಯುತ್ತಿತ್ತು. ಸುಧಾಕರ್ ಎರಡನ್ನೂ ನೋಡಿ, ಲೋಟ ನೀರು ಕುಡಿದು, ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡ.

ತಟ್ಟೆಯನ್ನು ಪುಟ್ಟಮಾದಮ್ಮನೇ ಪಡಸಾಲೆಗೆ ಒಯ್ದರು. ಇಟ್ಟ ಮೇಲೂ ಹಿಂದಿರುಗಲಿಲ್ಲ. ಮಂಗಳಗೌರಿ ಮೊದಲ ತುಂಡನ್ನು ಬೆರಳಿನಲ್ಲಿ ಹಿಡಿದು ಅವರ ಮುಖ ನೋಡಿದರು.

“ಬೆಂದಿದೆ ಅಲ್ವಾ ಅಕ್ಕ?”

“ಬೆಂದದ ಕಣವ್ವ. ತಿನ್ನು.”

ಮಂಗಳಗೌರಿ ತಿಂದರು. ಇನ್ನೊಂದು ತೆಗೆದುಕೊಂಡರು. ಚಂದ್ರಕುಮಾರ್ ಬಾಯಿಯಲ್ಲಿ ತುಂಡಿಟ್ಟುಕೊಂಡೇ, “ಮೆತ್ತಗದೆ ಮಾರಾಯ, ಕಾದಿದ್ದೂ ಸಾರ್ಥಕ,” ಎಂದರು. ತಟ್ಟೆಯಲ್ಲಿದ್ದ ಹದಿನೇಳು ತುಂಡುಗಳಲ್ಲಿ ಹನ್ನೊಂದನ್ನು ಮಂಗಳಗೌರಿಯೇ ತಿಂದರು. ಪುಟ್ಟಮಾದಮ್ಮ ಬಾಗಿಲ ಮರೆಯಲ್ಲಿ ನಿಂತು ಎಣಿಸಿದ್ದರು.

ಬತ್ತೇರಿಯ ಅಡುಗೆಯವನಿಗೆ ಸುಧಾಕರ್ ಅಂದು ಸಂಜೆಯೇ ಫೋನ್ ಮಾಡಿ ಬರುವುದು ಬೇಡವೆಂದ. ಪುಟ್ಟಮಾದಮ್ಮನಿಗೆ ಅದನ್ನು ನೇರವಾಗಿ ಹೇಳಲಿಲ್ಲ. ಅವರು ಮನೆಗೆ ಹೊರಟಾಗ, “ಗುರುವಾರ ಬೇಗ ಬಾ, ಆರು ಜನ ಬತ್ತಾವ್ರೆ,” ಎಂದ. ಅವರು ಸೆರಗು ಸರಿಮಾಡಿಕೊಂಡು “ಊಂ” ಎಂದರು.

“ಅದ್ಸರಿ, ಆ ಲೆಕ್ಕ ಎಲ್ಲಿಂದ ತಂದೆ?”

“ನಮ್ಮನೇಲಿ ಕರೆಂಟ್ ಒಲೆ ಇಲ್ವಾ? ಒಂದ್ ಲೋಟ ಆಲು ಕಾಯಕ್ಕೆ ನಾಕು ನಿಮಿಷ. ಮೋಟ್ರು ಓಡ್ತಿದ್ರೆ, ಫ್ಯಾನ್ ರೆಕ್ಕೆ ಇಂಗೆ ಕಾಣಂಗಿದ್ರೆ, ಏಳು ನಿಮಿಷ. ಎಷ್ಟ್ ವರ್ಸದಿಂದ ಉಕ್ಸಿ ಬೈಸ್ಕೊಂಡು ಕಲ್ತಿವ್ನಿ. ಇದೂವೆ ಕಾಯ ಕಂಬಿ ತಾನೆ? ನಾಕಕ್ಕೆ ಏಳಾದ್ರೆ ಎಂಟಕ್ಕೆ ಎರಡೇಳು.”

ಈಗ ಏರ್ ಫ್ರೈಯರಿನ ಮೇಲಿನ ಗೋಡೆಯಲ್ಲಿ ಒಂದು ಕಾಗದ ಅಂಟಿದೆ. ಸುಧಾಕರನ ಕೈಬರಹದಲ್ಲಿ ಎರಡು ಸಾಲು: ಮೋಟರ್ ಓಡದಾಗ ಇಷ್ಟು, ಓಡುವಾಗ ಇಷ್ಟು. ಸ್ಟೆಬಿಲೈಸರಿನ ಮೇಲೆ ಟವಲು ಇಲ್ಲ.

ಪುಟ್ಟಮಾದಮ್ಮನ ಲೆಕ್ಕವನ್ನು ಕಾಗದದ ಮೇಲೆ ತಾಳೆ ನೋಡಬಹುದು. ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಜಾಗದಲ್ಲಿ 175 ಬಂದರೆ ಸಿಗುವುದು ನೂರಕ್ಕೆ ಐವತ್ತೆಂಟು ಪಾಲು ಶಾಖ ಮಾತ್ರ. ಎಂಟು ನಿಮಿಷದ ಕೆಲಸಕ್ಕೆ ಆಗ ಹದಿಮೂರು ನಿಮಿಷ ನಲವತ್ತೊಂಬತ್ತು ಸೆಕೆಂಡ್ ಬೇಕು. ದೀಪ ಆರಿ ಹತ್ತುವ ಬಿಡುವನ್ನು ಎಣಿಸದ ಒರಟು ಲೆಕ್ಕ ಇದು. ಆ ಸೋಮವಾರ ಬುಟ್ಟಿಯ ಹಿಡಿಯ ಮೇಲೆ ಕೈಯಿಟ್ಟು, ಫ್ಯಾನ್ ನೋಡಿ, ಪುಟ್ಟಮಾದಮ್ಮ ಬಾಯಿಬಿಟ್ಟು ಹೇಳಿದ ಸಂಖ್ಯೆ ಹದಿನಾಲ್ಕು.