ಬಿಳಿಚೋಡಿನ ಗೋಣೆಪ್ಪ ಅಧ್ಯಕ್ಷನಾದದ್ದು

ಬಿಳಿಚೋಡಿನ ಕಂಬಳಿ ಓಣಿಯಲ್ಲಿ ಯಾರೂ ಯಾರನ್ನೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಒಬ್ಬ ತನ್ನ ಮನೆ ಮುಂದೆ ಗೂಟ ನೆಟ್ಟು, ಕಂಬಳಿಯ ಹಾಸಿನ ನೂಲನ್ನು ಓಣಿಯುದ್ದಕ್ಕೂ ಬಿಗಿದನೆಂದರೆ ಸಾಕು, ಉಳಿದವರು ತಂತಮ್ಮ ಮಗ್ಗದ ಗುಂಡಿಯಿಂದ ಎದ್ದು ಕುಂಚ ಹಿಡಿದು ಬಂದುಬಿಡುತ್ತಿದ್ದರು. ಹುಣಸೆ ಬೀಜದ ಗಂಜಿಯನ್ನು ಆ ನೂಲಿಗೆ ಬಳಿದು ತೀಡಬೇಕು. ಒಬ್ಬನೇ ಬಳಿಯಲು ಹೊರಟರೆ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಬಿಸಿಲಿಗೆ ಒಣಗಿ, ಎಳೆಗೆ ಎಳೆ ಅಂಟಿ ಎಲ್ಲ ಹಾಳಾಗುತ್ತದೆ. ನಾಲ್ಕು ಜನವಾದರೂ ಬೇಕು. ಬಂದವರಿಗೆ ಕೂಲಿಯಿಲ್ಲ, ಊಟವಿಲ್ಲ, ಉಪಕಾರವಾಯಿತು ಎನ್ನುವ ಮಾತೂ ಇಲ್ಲ. ಬರದಿದ್ದವನನ್ನು ಏಕೆ ಬರಲಿಲ್ಲವೆಂದು ಕೇಳುವವರಿಲ್ಲ. ಆದರೂ ಬರದೆ ಇದ್ದವರನ್ನು ಆ ಓಣಿ ಕಂಡಿರಲಿಲ್ಲ.

ಗೋಣೆಪ್ಪ ಬೆಳೆದದ್ದು ಈ ಓಣಿಯಲ್ಲಿ. ಅಪ್ಪ ಬೇಗ ಸತ್ತಿದ್ದರಿಂದ ಮಗ್ಗ ಕಲಿಸಿದವನು ಪಕ್ಕದ ಮನೆಯ ಗಿಡ್ಡಪ್ಪ. ವಯಸ್ಸಿನಲ್ಲಿ ಹದಿನೈದು ವರ್ಷ ದೊಡ್ಡವನು, ಬಾಯಿ ಮಾತ್ರ ಬಲು ಖಾರ. ಗೋಣೆಪ್ಪನ ಮದುವೆಯ ದಿನ ಬೀಗರೆಲ್ಲರ ಎದುರಿಗೇ 'ಏನಲೇ ಗೋಣ್ಯಾ' ಎಂದು ಕೂಗಿ ಹೆಣ್ಣಿನ ಕಡೆಯವರ ಮುಖ ಸಣ್ಣದು ಮಾಡಿದ್ದ. ಗಿಡ್ಡಪ್ಪ ನೇಯ್ದ ಪ್ರತಿ ಕಂಬಳಿಯ ಅಂಚಿನಲ್ಲೂ ಎರಡು ಕೆಂಪು ಎಳೆ ಇರುತ್ತಿದ್ದವು. ಯಾಕೆಂದು ಕೇಳಿದರೆ, ತನ್ನ ಕೈಗೆ ಹಾಗೇ ಬರುತ್ತದೆ ಎನ್ನುತ್ತಿದ್ದ.

ಸಾವಿರದ ಒಂಬೈನೂರ ಮೂವತ್ತೇಳರಲ್ಲಿ ಹಾಲೇಶಪ್ಪ ಊರಿಗೆ ಮರಳಿದ. ದಾವಣಗೆರೆಯಲ್ಲಿ ಗಿರಣಿ ಕೆಲಸಕ್ಕಿದ್ದು, ಮುಷ್ಕರದಲ್ಲಿ ನಿಂತು, ಕೆಲಸ ಕಳೆದುಕೊಂಡು ಬಂದವನು. ಜೊತೆಗೆ ಒಂದು ಟ್ರಂಕಿನಷ್ಟು ಪುಸ್ತಕ, ಅದರ ಎರಡರಷ್ಟು ಮಾತು. ಉಣ್ಣೆಯನ್ನೆಲ್ಲ ಜಗಳೂರಿನ ವ್ಯಾಪಾರಿಗಳು ಮೊದಲೇ ಹಿಡಿದಿಟ್ಟುಕೊಳ್ಳುತ್ತಿದ್ದ ಕಾಲವದು. ನೇಕಾರರೆಲ್ಲ ಸೇರಿ ಸಂಘ ಕಟ್ಟಿ, ಉಣ್ಣೆಯನ್ನು ಒಟ್ಟಿಗೆ ಕೊಂಡು, ಎಲ್ಲರದೂ ಎಂದು ಒಂದೇ ಕಡೆ ಇಡೋಣ ಎಂದು ಅವನು ಹೇಳಿದಾಗ ಮೊದಲು ಹೂಂ ಎಂದವನೇ ಗೋಣೆಪ್ಪ. ಸಂಘಕ್ಕೆ ಅಧ್ಯಕ್ಷ, ನಿಯಮ, ಸೀಲು ಬೇಕು ಎಂದಾಗ ಮೊದಲು ತಕರಾರು ತೆಗೆದವನೂ ಅವನೇ.

"ಉಣ್ಣೆ ಎಲ್ಲಾರದೂ ಆಗ್ಲಿ. ಆದ್ರೆ ಹಿಂಗೇ ನೇಯಿ, ಹಂಗೇ ನೇಯಿ ಅಂತ ಹೇಳಾಕೆ ಮ್ಯಾಲೊಬ್ಬ ಯಾಕೆ ಬೇಕು? ಗೂಟ ನೆಟ್ಟಾಗ ನಾವು ಯಾರು ಹೇಳಿದ್ರು ಅಂತ ಬರ್ತೀವಿ?"

"ಗೂಟದ ಮಾತು ಓಣಿ ಒಳಗೆ ನಡಿತೈತೆ," ಎಂದ ಹಾಲೇಶಪ್ಪ. "ವ್ಯಾಪಾರಿ ಓಣಿಯೋನಲ್ಲ. ಅವನ ಮುಂದೆ ನಿಲ್ಲಾಕೆ ನಮಗೆಲ್ಲಾ ಸೇರಿ ಒಂದೇ ಬಾಯಿ ಬೇಕು."

ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ; ತೊಂದರೆ ಇದ್ದದ್ದೇ ಅಲ್ಲಿ. ದುಡಿದದ್ದು ಎಲ್ಲರದಾಗಬೇಕು, ಆದರೆ ಆಳುವವರು ಯಾರೂ ಇರಬಾರದು ಎನ್ನುವವರನ್ನು ಪುಸ್ತಕದಲ್ಲಿ ಅರಾಜಕವಾದಿಗಳು ಎನ್ನುತ್ತಾರೆ, ಅವರು ನಮ್ಮಂಥ ಸಮತಾವಾದಿಗಳಿಗೆ ದಾಯಾದಿಗಳಿದ್ದ ಹಾಗೆ ಎಂದು ಹಾಲೇಶಪ್ಪ ನಕ್ಕ. ಅದಕ್ಕೆ ಔಷಧ ಉಂಟೋ ಎಂದು ಗೋಣೆಪ್ಪನ ಹೆಂಡತಿ ಹುಲಿಗೆಮ್ಮ ಕೇಳಿದಳಂತೆ.

ಆಮೇಲೆ ಓಣಿಯವರು ಒಂದು ಎಡವಟ್ಟು ಮಾಡಿದರು. ಯಾರ ಮೇಲೂ ಜೋರು ಮಾಡದವನೇ ಅಧ್ಯಕ್ಷನಾದರೆ ಯಾರಿಗೂ ಭಯವಿರುವುದಿಲ್ಲ ಎಂದು ಲೆಕ್ಕ ಹಾಕಿ, ಎಲ್ಲರೂ ಕೈಯೆತ್ತಿ ಗೋಣೆಪ್ಪನನ್ನೇ ಆರಿಸಿದರು. ಬೇಡವೆಂದರೆ ಎಲ್ಲರ ಇಷ್ಟವನ್ನು ತಾನೊಬ್ಬನೇ ತುಳಿದಂತಾಗುತ್ತದೆ ಎಂದು ಗೋಣೆಪ್ಪ ಒಪ್ಪಿದ. ಪಾಪ, ಅವನದೇ ಮಾತು ಅವನನ್ನು ಹಿಡಿದುಹಾಕಿತು.

ನಾಲ್ಕು ವರ್ಷ ಚೆನ್ನಾಗಿಯೇ ನಡೆಯಿತು. ಸಂಘದ ಕೊಟ್ಟಿಗೆಯಲ್ಲಿ ಉಣ್ಣೆ ಬೀಳುತ್ತಿತ್ತು, ಬೇಕಾದವರು ಬೇಕಾದಷ್ಟು ಒಯ್ಯುತ್ತಿದ್ದರು, ಅಧ್ಯಕ್ಷ ತನ್ನ ಪಾಡಿಗೆ ಲಾಳಿ ಒಗೆಯುತ್ತಿದ್ದ. ನಲವತ್ತೆರಡರಲ್ಲಿ ಸಿಪಾಯಿಗಳಿಗೆ ಕಂಬಳಿ ಬೇಕೆಂದು ಸರ್ಕಾರದಿಂದ ಬೇಡಿಕೆ ಬಂತು. ಎಲ್ಲ ಒಂದೇ ಅಳತೆ, ಒಂದೇ ತೂಕ, ಅಂಚಿಲ್ಲದ ಬರೀ ಕಪ್ಪು. ಹಾಲೇಶಪ್ಪ ಸಭೆ ಕರೆದು ನಿಯಮ ಓದಿದ. ಮೂರು ಸಲ ಕಂಬಳಿ ವಾಪಸಾದವನು ಸಂಘದಿಂದ ಹೊರಗೆ, ಅವನಿಗೆ ಉಣ್ಣೆಯಿಲ್ಲ, ಅವನ ಗೂಟಕ್ಕೆ ಸದಸ್ಯರು ಹೋಗುವಂತಿಲ್ಲ. ಕೊಟ್ಟಿಗೆಯ ಮುಂದೆ ಒಂದು ರೈಲು ಕಂಬಿಯ ತುಂಡನ್ನೂ ನೇತುಹಾಕಿದ. ಅದನ್ನು ಬಾರಿಸಿದಾಗ ಎಲ್ಲರೂ ಗಂಜಿ ಕೆಲಸಕ್ಕೆ ಬರಬೇಕು. ಗಿಡ್ಡಪ್ಪನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಕೈಯೆತ್ತಿದರು.

ಗಿಡ್ಡಪ್ಪನ ಕಂಬಳಿ ಒಂದು ಸಲ ವಾಪಸು ಬಂತು, ಎರಡು ಸಲ ಬಂತು. ಆ ಎರಡು ಕೆಂಪು ಎಳೆ ಬಿಟ್ಟುಬಿಡು ಎಂದು ಗೋಣೆಪ್ಪ ಹೇಳಬಹುದಿತ್ತು. ಆದರೆ ಹಾಗೆ ನೇಯಿ, ಹೀಗೆ ನೇಯಿ ಎಂದು ಒಬ್ಬರಿಗೆ ಹೇಳುವುದು ಅವನಿಂದ ಆಗದ ಕೆಲಸ. ಮೂರನೆಯ ಸಲ ಹಾಲೇಶಪ್ಪ ಸಂಘದಿಂದ ತೆಗೆದುಹಾಕುವ ಕಾಗದವನ್ನು ಗೋಣೆಪ್ಪನ ಮುಂದಿಟ್ಟ. ಗಿಡ್ಡಪ್ಪ ಎದುರಿಗೇ ಕೂತಿದ್ದ, ತೊಡೆಯ ಮೇಲೆ ಆ ಕಂಬಳಿ.

"ಏನಲೇ ಗೋಣ್ಯಾ, ನಿನ್ನ ಕಣ್ಣಿಗೂ ಇದು ಕೆಟ್ಟ ಕಂಬಳಿನಾ?"

"ಎಲ್ಲಾರೂ ಒಪ್ಪಿದ್ದು, ಮಾವ," ಎಂದ ಗೋಣೆಪ್ಪ, ಹೆಬ್ಬೆಟ್ಟು ಒತ್ತಿದ.

ಒತ್ತಿದ ಮೇಲೆ ಎದೆಯಲ್ಲಿ ಏನಾದರೂ ಆದೀತೆಂದು ಕಾದ. ಏನೂ ಆಗಲಿಲ್ಲ. ಮನೆಗೆ ಹೋಗಿ ಮುದ್ದೆ ಉಂಡ, ಕೈ ತೊಳೆದ, ಬೆರಳಿನ ಮಸಿ ಪೂರ್ತಿ ಹೋಗದ್ದನ್ನು ನೋಡಿ ಇನ್ನೊಮ್ಮೆ ತೊಳೆದ.

ಎಂಟು ದಿನದ ಮೇಲೆ ಗಿಡ್ಡಪ್ಪ ಗೂಟ ನೆಟ್ಟ. ಮನೆಯಲ್ಲಿ ಉಳಿದಿದ್ದ ಕೊನೆಯ ನೂಲು ಅದು. ಯಾರೂ ಏಳಲಿಲ್ಲ. ಗೋಣೆಪ್ಪ ಕುಂಚ ತೆಗೆದುಕೊಂಡು ತನ್ನ ಹೊಸ್ತಿಲವರೆಗೆ ಬಂದ. ಹುಲಿಗೆಮ್ಮ ಒಳಗಿಂದ ಹೋಗ್ರಿ, ಹೋಗ್ರಿ ಎನ್ನುತ್ತಿದ್ದಳು. ಅಧ್ಯಕ್ಷನೇ ನಿಯಮ ಮುರಿದರೆ ಹೇಗೆ ಎಂದು ಅವನು ಅಲ್ಲೇ ನಿಂತ. ಗಿಡ್ಡಪ್ಪ ಒಬ್ಬನೇ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಾಡಿ ಬಳಿಯುತ್ತಿದ್ದ. ಯಾವ ಗಳಿಗೆಗೆ ಯಾವ ಎಳೆ ಗಟ್ಟಿಯಾಗುತ್ತದೆ ಎಂಬುದು ಗೋಣೆಪ್ಪನಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಅದನ್ನು ಕಲಿಸಿದವನು ಗಿಡ್ಡಪ್ಪನೇ. ಗೋಣೆಪ್ಪ ಬೇರೆ ಯಾವುದೋ ಊರಿನ ಕೆಲಸ ನೋಡುವವನಂತೆ ನೋಡಿದ. ಬಿಸಿಲೇರುವ ಹೊತ್ತಿಗೆ ಹಾಸು ಕಟ್ಟಿಗೆಯಾಗಿತ್ತು. ಗಿಡ್ಡಪ್ಪ ಅದನ್ನು ಸುತ್ತಿ ಮೂಲೆಗೆ ಹಾಕಿ, ಮರುದಿನದಿಂದ ಕುರಿಗಾರರ ಜೊತೆ ತುಪ್ಪಟ ಕತ್ತರಿಸಲು ಕೂಲಿಗೆ ಹೋದ.

ಯುದ್ಧ ಮುಗಿಯಿತು, ಬೇಡಿಕೆ ನಿಂತಿತು. ನಲವತ್ತಾರರಲ್ಲಿ ಸಂಘವೂ ಮುಚ್ಚಿತು. ಹಾಲೇಶಪ್ಪ ಮತ್ತೆ ದಾವಣಗೆರೆಗೆ ಹೊರಟುಹೋದ. ಕಂಬಿಯ ತುಂಡನ್ನು ಯಾರೋ ಬಿಚ್ಚಿಕೊಂಡು ಹೋದರು.

ಒಂದು ಬೆಳಿಗ್ಗೆ ಗೋಣೆಪ್ಪ ತನ್ನ ಮನೆ ಮುಂದೆ ಗೂಟ ನೆಟ್ಟು ನೂಲು ಬಿಗಿದ. ಹುಲಿಗೆಮ್ಮ ಗಂಜಿ ತಂದಿಟ್ಟಳು. ಇಬ್ಬರೂ ಕಾದರು. ನಾಲ್ಕು ವರ್ಷ ಕಂಬಿಯ ಸದ್ದಿಗೆ ಎದ್ದು ರೂಢಿಯಾದ ಓಣಿಗೆ ಸದ್ದಿಲ್ಲದೆ ಏಳುವುದು ಮರೆತುಹೋಗಿತ್ತು. ಮಗ್ಗಗಳು ಒಳಗೆ ಟಕಟಕ ಆಡುತ್ತಲೇ ಇದ್ದವು. ಗಂಡ ಹೆಂಡತಿ ಇಬ್ಬರೇ ಬಳಿಯತೊಡಗಿದರು.

ಆಗ ಪಕ್ಕದ ಮನೆಯ ಬಾಗಿಲು ತೆರೆಯಿತು. ಗಿಡ್ಡಪ್ಪ ಕುಂಚ ಹಿಡಿದು ಬಂದು, ಆ ತುದಿಯಿಂದ ಶುರುಮಾಡಿದ. ಇಷ್ಟು ವರ್ಷ ಎಲ್ಲಿತ್ತೋ, ಆ ಹೆಬ್ಬೆಟ್ಟಿನ ನೋವು ಗೋಣೆಪ್ಪನಿಗೆ ಈಗ ಬಂತು. ಮೂವರೂ ಸೇರಿ ಅರ್ಧಕ್ಕಿಂತ ಹೆಚ್ಚೇ ಉಳಿಸಿದರು.

"ಮುಗೀತು ನೋಡ್ರಿ, ಅಧ್ಯಕ್ಷರೇ," ಎಂದು ಗಿಡ್ಡಪ್ಪ ಕುಂಚ ಕೊಡವಿದ.

ಗೋಣೆಪ್ಪ ಅವನ ದಾರಿಗೆ ಅಡ್ಡ ನಿಂತ. "ಮಾವ, ಗೋಣ್ಯಾ ಅನ್ನು."

ಗಿಡ್ಡಪ್ಪ ಕುಂಚವನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

"ಇದೂ ನಿಯಮ ಏನ್ರಿ?" ಎಂದು ಕೇಳಿ, ಪಕ್ಕಕ್ಕೆ ಸರಿದು ಮನೆಗೆ ಹೋದ.